ಕೂಡಲಿ: ನಡೆದು ಅರಿಯಬೇಕಾದ ಕ್ಷೇತ್ರ

ಒಂದು ಊರಿನ ಚರಿತ್ರೆಯನ್ನು ಅರಿಯಲು ಶಾಸನಗಳ ಅಚ್ಚಾದ ಪಾಠವೊಂದೇ ಸಾಲದು; ಆ ಶಾಸನಗಳು ನಿಂತ ನೆಲದ ಪರಿಚಯವೂ ಬೇಕು. ಇದಕ್ಕೆ ಶಿವಮೊಗ್ಗ ಜಿಲ್ಲೆಯ ಕೂಡಲಿ ಒಳ್ಳೆಯ ನಿದರ್ಶನ. ಗಂಗಾಮೂಲದ ಬೆಟ್ಟದಲ್ಲಿ ಹುಟ್ಟುವ ತುಂಗೆ ಭದ್ರೆಯರು ಬೇರೆ ಬೇರೆ ದಾರಿ ಹಿಡಿದು, ಒಂದು ಶಿವಮೊಗ್ಗವನ್ನೂ ಇನ್ನೊಂದು ಭದ್ರಾವತಿಯನ್ನೂ ಹಾಯ್ದು, ಇಲ್ಲಿ ಕೂಡಿ ತುಂಗಭದ್ರೆ ಎನಿಸುತ್ತವೆ. ಊರಿನ ಹೆಸರಿಗೂ ಈ ಕೂಡುವಿಕೆಯೇ ಮೂಲ.

ಮೇಲಿನ ಎರಡು ಪಟ್ಟಣಗಳೂ ಹೊಳೆಯನ್ನು ನಂಬಿ ಬೆಳೆದವುಗಳೇ. ಶಿವಮೊಗ್ಗದಲ್ಲಿ ತುಂಗೆಯ ಬಳಿ ಶಿವಪ್ಪನಾಯಕನ ಹೆಸರಿನ ಅರಮನೆಯಿದೆ. ಈಗಿರುವ ಕಟ್ಟಡ ಹೈದರನ ಕಾಲದ್ದೆಂದು ವಿದ್ವಾಂಸರಲ್ಲಿ ಕೆಲವರ ಮತ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವು ಮೂರು ಗರ್ಭಗೃಹಗಳ ಹೊಯ್ಸಳ ತ್ರಿಕೂಟವಾಗಿದೆ. ಆದರೆ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯ ಸುತ್ತ ಹಬ್ಬಿದ ಪಟ್ಟಣದಲ್ಲಿ ಗುಡಿಗೂ ಹೊಳೆಗೂ ಇದ್ದ ಸಂಬಂಧ ಸುಲಭವಾಗಿ ಕಣ್ಣಿಗೆ ಬೀಳದು.

ಕೂಡಲಿಯಲ್ಲಿ ಅದು ಇನ್ನೂ ಕಾಣುತ್ತದೆ. ಎರಡು ನೀರುಗಳ ನಡುವೆ ನೆಲ ಕಿರಿದಾಗುತ್ತ ಹೋಗುವುದರಿಂದ ನಡೆಯುವವನು ಕೊನೆಗೆ ಸಂಗಮವನ್ನೇ ಸೇರಬೇಕು. ರಾಮೇಶ್ವರ ದೇವಾಲಯವು ಒಂದೇ ಗರ್ಭಗೃಹದ ಹೊಯ್ಸಳ ಕಟ್ಟಡ. ಮೂರು ಕಡೆಯ ಮುಖಮಂಟಪಗಳೂ ಸುಕನಾಸಿಯ ಮೇಲಿನ ಸಳನ ಲಾಂಛನವೂ ಗಮನಾರ್ಹ. ಚಿಂತಾಮಣಿ ನರಸಿಂಹನ ಗುಡಿ, ಸಂಗಮೇಶ್ವರನ ಗುಡಿ, ಶೃಂಗೇರಿ ಪರಂಪರೆಯ ಅದ್ವೈತ ಮಠ, ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠ ಇವೆಲ್ಲ ಕಾಲ್ನಡಿಗೆಯ ಅಳವಿನಲ್ಲೇ ಇವೆ. ಶೈವ, ವೈಷ್ಣವ, ಅದ್ವೈತ, ದ್ವೈತಗಳನ್ನು ಪಠ್ಯಪುಸ್ತಕಗಳಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ಇಲ್ಲಿಯಾದರೋ ಅವೆಲ್ಲ ಒಂದೇ ಸಂಗಮದ ನೆರೆಯವು.

ಗ್ರೀಸಿನ ಹೈಡ್ರಾ ಎಂಬ ಚಿಕ್ಕ ದ್ವೀಪದಲ್ಲಿ ಮೋಟಾರು ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಜನರು ನಡೆದೋ ಹೇಸರಗತ್ತೆಗಳ ಮೇಲೋ ಓಡಾಡುತ್ತಾರೆ. ಬಂದವನು ಬಂದರಿನಿಂದ ಮೆಟ್ಟಿಲುಗಳ ಓಣಿ ಹಿಡಿದು ಏರುವಾಗ, 1821ರ ಸ್ವಾತಂತ್ರ್ಯಸಮರದಲ್ಲಿ ಹಡಗುಗಳನ್ನೊದಗಿಸಿದ ವರ್ತಕರ ಮನೆಗಳು ಕಡಲಿಗೆ ಮುಖಮಾಡಿ ನಿಂತಿರುವುದರ ಅರ್ಥ ತಾನಾಗಿ ತಿಳಿಯುತ್ತದೆ. ಅಲ್ಲಿ ಕಡಲು ಹೇಗೋ ಇಲ್ಲಿ ಹೊಳೆ ಹಾಗೆ.

ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸತೊಡಗಿದರು. ದಾನಶಾಸನಗಳು ಭೂಮಿಯ ಮೇರೆಯನ್ನು ಹಳ್ಳ, ಕೆರೆ, ಹುತ್ತ, ಹೆದ್ದಾರಿಗಳಿಂದ ಗುರುತಿಸುವುದು ವಾಡಿಕೆ. ಅಂದು ಮೇರೆ ಹೇಳಿದವರು ಅದನ್ನು ನಡೆದು ಬಲ್ಲವರು. ಕಲ್ಲನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅಕ್ಷರಗಳು ಉಳಿದರೂ ಮೇರೆಯ ಸಾಕ್ಷ್ಯ ಅಳಿಯುತ್ತದೆ. ಹಳ್ಳ ಮುಚ್ಚಿದರೆ ಕಲ್ಲು ಇದ್ದೂ ಮೂಕವಾಗುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಕೂಡಲಿಗೆ ಹೋದಾಗ ವಾಹನವನ್ನು ಊರಾಚೆ ನಿಲ್ಲಿಸಿ, ಶಾಸನಪಾಠವನ್ನೂ ಜಿಲ್ಲೆಯ ನಕಾಶೆಯನ್ನೂ ಕೈಯಲ್ಲಿ ಹಿಡಿದು, ಪ್ರತಿಯೊಂದು ಕಲ್ಲೂ ಇರುವ ಸ್ಥಳವನ್ನು ಗುರುತಿಸಿಕೊಳ್ಳುವುದು ಅವಶ್ಯ. ಅಕ್ಷರವನ್ನು ನಾಳೆಯೂ ಓದಬಹುದು. ಸ್ಥಳದ ಸಾಕ್ಷ್ಯಕ್ಕೆ ಅಂಥ ಭರವಸೆಯಿಲ್ಲ.