ಮಾಸಿನಲ್ಲಿ ಮಾಯವಾಗದ ಪದರ

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿಗೆ ಊರೂರಿನ ವಿಜ್ಞಾನ ಶಿಕ್ಷಕರು ತರಬೇತಿಗೆ ಬರುತ್ತಾರೆ. ಸುತ್ತಲಿನದು ಅಮೃತಮಹಲ್ ಕಾವಲಿನ ಸೀಮೆ. ಜರಾಯುವಿನ, ಅಂದರೆ ಮಾಸಿನ, ಪಾಠವನ್ನು ಇಲ್ಲಿ ಹಸುವಿನಿಂದಲೇ ಶುರುಮಾಡಬಹುದು. ಈದ ಹಸುವಿನ ಕಸ ಬೀಳುವವರೆಗೆ ಕಾದು, ಅದನ್ನು ಗಂಟುಕಟ್ಟಿ ಆಲದ ಮರಕ್ಕೆ ತೂಗುಹಾಕುವ ರೂಢಿ ಬಯಲುಸೀಮೆಯಲ್ಲಿದೆ. ಹಸುವಿನ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ತಾಯಿಯ ಕಡೆಯ ಪದರಗಳು ಉಳಿದೇ ಇರುವುದರಿಂದ ಪ್ರತಿಕಾಯಗಳು ದಾಟುವುದಿಲ್ಲ. ಹುಟ್ಟಿದ ಕರುವಿಗೆ ಗಿಣ್ಣುಹಾಲು ಕುಡಿಸಲೇಬೇಕು. ಮನುಷ್ಯರಲ್ಲಿ ತಾಯಿಯ ರಕ್ತ ಮಗುವಿನ ಕಡೆಯ ಪದರವನ್ನೇ ನೇರವಾಗಿ ಮುಟ್ಟುತ್ತದೆ. ಪ್ರತಿಕಾಯಗಳು ಹೆರಿಗೆಗೆ ಮೊದಲೇ ಮಗುವನ್ನು ಸೇರಿರುತ್ತವೆ. ಹೀಗೆ ಪದರಗಳನ್ನು ಎಣಿಸಿ ಸಸ್ತನಿಗಳ ಮಾಸನ್ನು ವಿಂಗಡಿಸಿದವರು ಒಟ್ಟೊ ಗ್ರೋಸರ್, 1909ರಲ್ಲಿ.

ಮಾಸಿನ ತುಂಬ ವಿಲ್ಲಸ್ ಎಂಬ ಕುಡಿಗಳು. ಪ್ರತಿ ಕುಡಿಗೂ ಎರಡು ಹೊದಿಕೆ: ಹೊರಗೆ ಸಿನ್ಸಿಷಿಯೊಟ್ರೋಫೋಬ್ಲಾಸ್ಟ್, ಒಳಗೆ ಸೈಟೊಟ್ರೋಫೋಬ್ಲಾಸ್ಟ್. ಟ್ರೋಫೋಬ್ಲಾಸ್ಟ್ ಎಂಬ ಹೆಸರಿಟ್ಟವರು 1889ರಲ್ಲಿ ಹ್ಯೂಬ್ರೆಕ್ಟ್. ಒಳಪದರಕ್ಕೆ ಅದನ್ನು ವಿವರಿಸಿದ ಲ್ಯಾಂಗ್‌ಹಾನ್ಸ್ ಅವರ ಹೆಸರೇ ನಿಂತಿತು. ಮೊದಲ ಮೂರು ತಿಂಗಳಲ್ಲಿ ಈ ಪದರ ಎಲ್ಲೂ ಕಡಿಯದೆ ಸಾಲಾಗಿ ಕಾಣುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಂಡಷ್ಟನ್ನೇ ನಂಬಿ, ನಾಲ್ಕನೇ ತಿಂಗಳ ನಂತರ ಒಳಪದರ ಮಾಯವಾಗುತ್ತದೆ ಎಂದು ಪುಸ್ತಕಗಳು ದಶಕಗಳ ಕಾಲ ಬರೆದವು. ಈ ಮಾತನ್ನು ತಿದ್ದಲೇಬೇಕು.

ಮೊದಲ ಅನುಮಾನ ಹುಟ್ಟಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1955ರಲ್ಲಿ ವಿಸ್ಲೋಕಿ ಮತ್ತು ಡೆಂಪ್ಸಿ ಮಾನವ ಮಾಸಿನ ಸೂಕ್ಷ್ಮ ರಚನೆಯನ್ನು ವಿವರಿಸಿದರು. ಹೊರಪದರದಲ್ಲಿ ಕೋಶಕ್ಕೂ ಕೋಶಕ್ಕೂ ನಡುವೆ ಗೋಡೆಯೇ ಇಲ್ಲ. ಅಸಂಖ್ಯ ಕೋಶಕೇಂದ್ರಗಳಿರುವ ಒಂದೇ ಹಾಸು. ಆ ಕೇಂದ್ರಗಳು ವಿಭಜನೆಯಾಗುವುದಿಲ್ಲ. ಹಾಗಿದ್ದರೆ ತಿಂಗಳು ತುಂಬುವಷ್ಟರಲ್ಲಿ ಹತ್ತು ಚದರ ಮೀಟರಿಗೂ ಮೀರಿ ಅದು ಹರಡುವುದು ಹೇಗೆ? ಒಳಪದರದ ಕೋಶಗಳು ಒಡೆದು ಹೆಚ್ಚಾಗುತ್ತ, ಒಂದೊಂದಾಗಿ ಹೊರಪದರದಲ್ಲಿ ಬೆರೆತುಹೋಗುತ್ತವೆ. ಪೂರೈಕೆ ನಿಂತರೆ ಹೊರಪದರ ಬೆಳೆಯಲಾರದು. 1992ರಲ್ಲಿ ಸಿಂಪ್ಸನ್, ಮೇಹ್ಯೂ ಮತ್ತು ಸಂಗಡಿಗರು ಕೋಶಕೇಂದ್ರಗಳನ್ನು ಲೆಕ್ಕಹಾಕಿದಾಗ, 13ನೇ ವಾರದಿಂದ ಹೆರಿಗೆಯವರೆಗೂ ಒಳಪದರದ ಕೋಶಗಳ ಒಟ್ಟು ಸಂಖ್ಯೆ ಏರುತ್ತಲೇ ಇರುವುದು ಗೊತ್ತಾಯಿತು. ಕುಡಿಗಳು ಅದಕ್ಕಿಂತ ವೇಗವಾಗಿ ಹಬ್ಬುವುದರಿಂದ ಕೋಶಗಳು ಚದುರಿ, ಚಪ್ಪಟೆಯಾಗಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ.

ಕೋಶಗಳನ್ನು ಬೆಸೆಯುವ ಸಿನ್ಸಿಟಿನ್ ಎಂಬ ಪ್ರೋಟೀನು 2000ದಲ್ಲಿ ಬೆಳಕಿಗೆ ಬಂತು. ಅದರ ಜೀನು ನಮ್ಮ ಪೂರ್ವಜರ ಜೀನೋಮಿಗೆ ಹೊಕ್ಕ ಪುರಾತನ ರೆಟ್ರೊವೈರಸ್ಸಿನದು.

ಕುದಾಪುರದ ಮಾತೃಸಂಸ್ಥೆಗೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನ ಜೀವರಸಾಯನ ವಿಭಾಗದಲ್ಲಿ ಎ. ಜಗನ್ನಾಥ ರಾವ್ ಅವರ ತಂಡ ಮೊದಲ ತ್ರೈಮಾಸಿಕದ ಮಾಸನ್ನೂ ತಿಂಗಳು ತುಂಬಿದ ಮಾಸನ್ನೂ ಎದುರುಬದುರು ಇಟ್ಟು ಹೋಲಿಸಿತು. ವಿಭಜನೆಯ ಹುರುಪಿಗೆ ನಂಟಿರುವ ಟೆಲೊಮರೇಸ್ ಕಿಣ್ವ ಆರಂಭದಲ್ಲಿ ಹೆಚ್ಚು, ಕೊನೆಗೆ ಕಡಿಮೆ ಎಂದು ಅವರ 2001ರ ಪ್ರಬಂಧ ತೋರಿಸಿತು. ಇದು ಮೇಲಿನ ಲೆಕ್ಕಕ್ಕೆ ವಿರುದ್ಧವಲ್ಲ. ವೇಗ ತಗ್ಗಿದರೂ ಕೆಲಸ ನಿಲ್ಲುವುದಿಲ್ಲ.

ಒಳಪದರ ಹೀಗೆ ಚದುರಿ ಚಪ್ಪಟೆಯಾಗುವುದರ ಫಲ ಮಗುವಿಗೆ. ಮೊದಮೊದಲು ತಾಯಿ–ಮಗುವಿನ ರಕ್ತಗಳ ನಡುವೆ 50 ಮೈಕ್ರಾನಿನಷ್ಟು ಅಂತರ. ಹೆರಿಗೆಯ ಹೊತ್ತಿಗೆ ಸುಮಾರು 5. ಮಗುವಿನ ರಕ್ತನಾಳಗಳೂ ಕುಡಿಯ ಅಂಚಿಗೆ ಸರಿದು, ಆಮ್ಲಜನಕ ದಾಟುವ ದಾರಿ ಹತ್ತಿರವಾಗುತ್ತದೆ.

ಆರಂಭದ ವಾರಗಳ ಮಾಸು ಸಂಶೋಧಕರಿಗೆ ಸುಲಭವಾಗಿ ಸಿಗದು. 2018ರಲ್ಲಿ ಜಪಾನಿನ ಒಕಾಯೆ ತಂಡ ಮಾನವ ಟ್ರೋಫೋಬ್ಲಾಸ್ಟ್ ಕಾಂಡಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮೇಲೆ, ಒಳಕೋಶ ಹೊರಪದರವಾಗುವುದನ್ನು ಗಾಜಿನ ತಟ್ಟೆಯಲ್ಲೇ ಹಂತಹಂತವಾಗಿ ನೋಡಬಹುದಾಗಿದೆ.