ಕುಂತಲನಾಡಿನ ಗುಂಗುರು ಕೂದಲು

ಆದೇಶಸಂಧಿಗೆ ಉದಾಹರಣೆ ಕೊಡಿರೆಂದರೆ ನಮ್ಮ ವಿದ್ಯಾರ್ಥಿಗಳು ‘ಮಳೆಗಾಲ’, ‘ಬೆಟ್ಟದಾವರೆ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ನಾನು ಅವುಗಳೊಡನೆ ‘ಮುಂಗುರುಳು’ ಎಂಬ ಮಾತನ್ನೂ ಸೇರಿಸುವುದುಂಟು. ಮುನ್ ಎಂಬುದರ ಮುಂದೆ ಕುರುಳ್ ಬಂದು, ಕಕಾರಕ್ಕೆ ಗಕಾರ ಆದೇಶವಾಗಿ ಆದ ಪದವದು. ಕುರುಳ್ ಎಂದರೆ ಸುರುಳಿಗೊಂಡ ಕೂದಲು. ಇಂಗ್ಲಿಷಿನ ‘ಕರ್ಲ್’ ಎಂಬ ಮಾತಿಗೂ ಇದಕ್ಕೂ ಧ್ವನಿಯಲ್ಲಿ ಹೋಲಿಕೆಯಿದ್ದರೂ ಅದು ಕಾಕತಾಳೀಯ. ನಮ್ಮ ಕುರುಳು ಹಳಗನ್ನಡದ ಸ್ವಂತ ಸೊತ್ತು.

ಒಮ್ಮೆ ಈ ಪಾಠ ಹೇಳುತ್ತಿದ್ದಾಗ ತರಗತಿಯಲ್ಲಿ ನಗು ಎದ್ದಿತು. ಎಲ್ಲರೂ ಹಿಂದಿನ ಬೆಂಚಿನ ಒಬ್ಬ ಹುಡುಗಿಯತ್ತ ತಿರುಗಿದರು. ಅವಳದು ದಟ್ಟವಾದ ಗುಂಗುರು ಕೂದಲು. “ನಾಳೆಯಿಂದ ತಲೆ ನೆಟ್ಟಗೆ ಬಾಚಿಕೊಂಡು ಬಾರಮ್ಮ” ಎಂದು ನಾನೂ ಹೇಳಿಬಿಟ್ಟೆ. ಒಂದು ವಾರದ ಮೇಲೆ ಅವಳು ಬಂದಾಗ ಕೂದಲು ಜೋಳದ ದಂಟಿನಂತೆ ನೆಟ್ಟಗಿತ್ತು. ತುದಿಗಳು ಸುಟ್ಟು ಕೆಂಚಾಗಿದ್ದವು. ಕಾದ ಇಸ್ತ್ರಿಯಂಥ ಸಾಧನದಿಂದ ಎಳೆದೆಳೆದು ನೇರಮಾಡಿಕೊಂಡಿದ್ದಳು. “ಸಾರ್, ಈಗ ಸರಿ ಐತಾ?” ಎಂದು ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ದಿನ ಹೇಳಬೇಕಾಗಿದ್ದ ಉತ್ತರವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹೇಳಹೊರಟದ್ದು ಕೋಗಳಿ ನಾಡಿನಿಂದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಗೆ ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂಬ ಹೆಸರು. ಅದು ನೊಳಂಬವಾಡಿಗೆ ಸೇರಿದ ನಾಡು; ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಕೋಗಳಿಯ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿಯ 1055ರ ಶಾಸನ ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಇದೆಲ್ಲವೂ ಕುಂತಲದೇಶ. ಸಂಸ್ಕೃತದಲ್ಲಿ ಕುಂತಲವೆಂದರೆ ಕೂದಲು. ಹೆಸರಿನ ಮೂಲ ಏನೇ ಇರಲಿ, ಶಾಸನಕವಿಗಳು ಈ ಶ್ಲೇಷೆಯನ್ನು ಬಿಟ್ಟವರಲ್ಲ. ಭೂಕಾಂತೆಗೆ ಕುಂತಲವಾಗಿ ಶೋಭಿಸುವ ನಾಡೆಂದು ಕೊಂಡಾಡಿದ್ದಾರೆ. ಮುಡಿಯ ಹೆಸರನ್ನೇ ಹೊತ್ತ ನಾಡಿನ ಮಗುವೊಂದು ತನ್ನ ಮುಡಿಗಾಗಿ ತಲೆ ತಗ್ಗಿಸುವುದೆ?

ಇನ್ನು ಬಸದಿಗಳೊಳಕ್ಕೆ ಹೋಗೋಣ. ಜಿನಬಿಂಬಗಳ ತಲೆಯನ್ನು ಗಮನಿಸಿದ್ದೀರಾ? ಶಂಖದ ಸುತ್ತಿನಂಥ ಚಿಕ್ಕ ಚಿಕ್ಕ ಕುರುಳುಗಳು ಸಾಲುಸಾಲಾಗಿ ಕೂತಿರುತ್ತವೆ. ಬಲಕ್ಕೆ ಸುತ್ತಿದ ಕುರುಳು ಮಹಾಪುರುಷನ ಲಕ್ಷಣವೆಂಬುದು ಪೂರ್ವಿಕರ ನಂಬಿಕೆ. ಬುದ್ಧಮೂರ್ತಿಗಳಲ್ಲಿಯೂ ಇದನ್ನು ಕಾಣುತ್ತೇವೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಆ ನೆತ್ತಿಯ ತುಂಬ ಗುಂಗುರು ಕೂದಲು! ಮಹಾಮಸ್ತಕಾಭಿಷೇಕದಲ್ಲಿ ಹಾಲು, ಎಳನೀರು, ಅರಿಸಿನ, ಚಂದನಗಳೆಲ್ಲ ಮೊದಲು ಮುಟ್ಟುವುದು ಆ ಕುರುಳುಗಳನ್ನೇ. ಜೈನಮುನಿಗಳು ದೀಕ್ಷೆಯಲ್ಲಿ ಕೇಶಲೋಚ ಮಾಡಿ, ಕೂದಲನ್ನು ಕೈಯಿಂದಲೇ ಕಿತ್ತುಹಾಕುವವರು. ಅಂಥ ವೈರಾಗ್ಯಮೂರ್ತಿಯನ್ನು ಕಂಡರಿಸುವಾಗಲೂ ಶಿಲ್ಪಿಯು ಕುರುಳನ್ನು ಉಳಿಸಿಕೊಂಡನು. ಅದು ಅವನ ಕಣ್ಣಿಗೆ ಕೆದರಿದ ತಲೆಯಾಗಿ ತೋರಲಿಲ್ಲ, ಅಚ್ಚುಕಟ್ಟಿನ ಪರಮಾವಧಿಯಾಗಿ ತೋರಿತು.

ಹಾಗಾದರೆ ನಾವು ಅದನ್ನು ಅಶಿಸ್ತೆಂದು ಕಾಣತೊಡಗಿದ್ದೇಕೆ? ಅಂದಚೆಂದದ ಅಳತೆಗೋಲು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಕಾರ್ಲ್ ನೆಸ್ಲರ್ ಎಂಬಾತನು ನೇರ ಕೂದಲನ್ನು ಬಹುಕಾಲ ನಿಲ್ಲುವಂತೆ ಗುಂಗುರು ಮಾಡುವ ಉಪಾಯವನ್ನು ಲಂಡನ್ನಿನಲ್ಲಿ ತೋರಿಸಿದನು. ಕಾದ ಹಿತ್ತಾಳೆಯ ಸರಳುಗಳಿಗೆ ಕೂದಲು ಸುತ್ತಿಸಿಕೊಂಡು ಹೆಂಗಸರು ಗಂಟೆಗಟ್ಟಲೆ ಕೂರುತ್ತಿದ್ದರು. ಅಲ್ಲಿ ಇಲ್ಲದ ಕುರುಳಿಗಾಗಿ ಬೆಂಕಿ, ಇಲ್ಲಿ ಇರುವ ಕುರುಳನ್ನು ಕಳೆಯಲು ಬೆಂಕಿ! ನಮ್ಮಲ್ಲಿಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರು ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರು. ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಈ ನಮ್ಮವರನ್ನು ಬರಿಯ ಕೂದಲು ನೋಡಿ ಪರದೇಶಿಗಳೆನ್ನುವವರು ಇಂದಿಗೂ ಇದ್ದಾರೆ. ನಮ್ಮ ತರಗತಿಯಲ್ಲಿ ಎದ್ದ ನಗುವಿನ ಬೇರು ಇಂಥಲ್ಲೇ ಇರುವುದು.

ಈಗ ಶಾಸ್ತ್ರದ ಮಾತು. ಕೂದಲು ಹುಟ್ಟುವ ರೋಮಕೂಪವು ನೇರವಾಗಿದ್ದರೆ ಕೂದಲು ನೇರ. ಅದು ಬಾಗಿ ಒಂದು ಪಕ್ಕಕ್ಕೆ ವಾಲಿದ್ದರೆ ಕೂದಲೂ ಸುರುಳಿಯಾಗಿ ಬೆಳೆಯುತ್ತದೆ. ಇದು ತಾಯಿತಂದೆಗಳಿಂದ ಬರುವ ಗುಣ; ಬಾಚುವುದರಿಂದ ಹೋಗತಕ್ಕದ್ದಲ್ಲ. ನೆತ್ತಿಯಲ್ಲಿ ಜಿನುಗುವ ಸಹಜವಾದ ಜಿಡ್ಡು ನೇರ ಕೂದಲಲ್ಲಿ ಸುಲಭವಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ಅಷ್ಟು ಸುಲಭವಾಗಿ ಇಳಿಯದು. ಆದ್ದರಿಂದ ಗುಂಗುರು ಕೂದಲು ಬೇಗ ಒಣಗುತ್ತದೆ, ಬಾಗಿದೆಡೆಯಲ್ಲಿ ಮುರಿಯುತ್ತದೆ. ನಮ್ಮ ಸೀಮೆಯ ಬಿಸಿಲುಗಾಳಿಯೂ ಕೊಳವೆಬಾವಿಯ ಗಡಸು ನೀರೂ ಸೇರಿದರೆ ಕೇಳಬೇಕೆ!

ಒಣಗಿದ್ದಕ್ಕೆ ಬೇಕಾದದ್ದು ಜಿಡ್ಡು ಮತ್ತು ನೀರು. ಕಾದ ಕಬ್ಬಿಣ ಇರುವ ಪಸೆಯನ್ನೂ ಹೀರುತ್ತದೆ. ಇದನ್ನು ನಮ್ಮ ಹಿರಿಯರು ಬಳಕೆಯಿಂದಲೇ ಅರಿತಿದ್ದರು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಹೂವಿನ ವಾಸನೆ ಕಟ್ಟಿದ ಎಳ್ಳೆಣ್ಣೆ, ಜಿಡ್ಡು ತೆಗೆಯಲು ನೆಲ್ಲಿಯ ಲೇಪ ಇವು ಅಲ್ಲಿ ಬರುತ್ತವೆ. ಅರಮನೆಯ ಆ ಭೋಗ ನಮ್ಮ ಮನೆಗಳಲ್ಲಿ ವಾರದ ಎಣ್ಣೆನೀರಾಗಿ ಉಳಿದುಕೊಂಡಿದೆ.

ಮನೆಯಲ್ಲಿ ಗುಂಗುರು ಕೂದಲಿನ ಮಕ್ಕಳಿದ್ದರೆ ಹೀಗೆ ಮಾಡಿ ನೋಡಿ. ತಲೆಗೆ ನೀರೆರೆಯುವ ಮುಂಚೆ ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬುಡಕ್ಕಿಂತ ಹೆಚ್ಚಾಗಿ ತುದಿಗಳಿಗೆ ಸವರಿ. ಮೈಸೋಪು ಬೇಡ. ಸೀಗೆಪುಡಿಯಾದರೆ ನುಣ್ಣಗೆ ಜರಡಿ ಹಿಡಿದು, ಮೆಂತ್ಯದ ಹಿಟ್ಟನ್ನೋ ದಾಸವಾಳದ ಎಲೆಯ ಲೋಳೆಯನ್ನೋ ಬೆರೆಸಿ ಹಚ್ಚಿ. ಲೋಳೆಯಿದ್ದರೆ ಎಳೆಗಳು ಒಂದಕ್ಕೊಂದು ತೊಡರುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ತಂಬಿಗೆ ಅದರದಾಗಲಿ. ಒರಟು ಟವೆಲಿನಿಂದ ತಿಕ್ಕದೆ ಹಳೆಯ ಮೆತ್ತನೆಯ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಒಣಗಿದ ಗುಂಗುರು ಕೂದಲಿಗೆ ಹಣಿಗೆ ಹಾಕಲೇಬಾರದು. ಇನ್ನೂ ತೇವವಿರುವಾಗ ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕನ್ನು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಬನ್ನಿ. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಬಂದು ಗಂಟಾಗಿ, ಮಗು ಅಳುವುದೊಂದೇ ಲಾಭ. ರಾತ್ರಿ ಸಡಿಲವಾಗಿ ಜಡೆ ಹೆಣೆದು ಮಲಗಿಸಿ.

ಆ ಹುಡುಗಿಯ ಸುಟ್ಟ ತುದಿಗಳನ್ನು ಅವಳ ತಾಯಿ ಕತ್ತರಿಸಬೇಕಾಯಿತು. ಕೂದಲು ಮತ್ತೆ ಬೆಳೆಯಿತು, ಮೊದಲಿನಂತೆಯೇ ಸುರುಳಿಯಾಗಿ. ಮುಂದಿನ ವರುಷ ಆದೇಶಸಂಧಿಯ ಪಾಠ ಬಂದಾಗ ನಾನು ಮುಂಗುರುಳಿನ ಜೊತೆಗೆ ಗೊಮ್ಮಟನ ನೆತ್ತಿಯನ್ನೂ ಕುಂತಲದೇಶವನ್ನೂ ಹೇಳಿದೆ. ತರಗತಿ ಮತ್ತೆ ಹಿಂದಿನ ಬೆಂಚಿನತ್ತ ತಿರುಗಿತು. ಈ ಸಲ ಯಾರೂ ನಗಲಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥ ಮಗುವಿದ್ದರೆ, ಹಣಿಗೆ ಕೈಗೆತ್ತಿಕೊಳ್ಳುವ ಮೊದಲು ಈ ನಾಲ್ಕು ಮಾತುಗಳನ್ನು ಅದಕ್ಕೂ ಹೇಳಿರಿ.