ದಿನದ ಕೂಲಿ, ವರ್ಷದ ಊಟ: ದೇವಣಿಯ ಲೆಕ್ಕ, ಬೇಕಲದ ಲೆಕ್ಕ

ದೇವಣಿ ಎಂದೊಡನೆ ದನ ಸಾಕಿ ಬಲ್ಲವರಿಗೆ ಒಂದು ತಳಿಯ ನೆನಪಾಗುತ್ತದೆ. ಬಿಳಿ ಮೈ, ಕೆಲವಕ್ಕೆ ಅಲ್ಲಲ್ಲಿ ಕಪ್ಪು ಮಚ್ಚೆ, ತುಸು ಜೋಲುವ ಕಿವಿ. ಎತ್ತು ಉಳುಮೆಗೆ ಗಟ್ಟಿ, ಹಸು ಹಾಲಿಗೂ ಆದೀತು. ಆ ತಳಿಗೆ ಹೆಸರು ಕೊಟ್ಟ ಊರು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. ಮೊದಲು ಉದಗೀರ ತಾಲ್ಲೂಕಿನ ಊರಾಗಿದ್ದುದು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಬೀದರ್ ಜಿಲ್ಲೆಯ ಕಮಲನಗರ, ದಕ್ಷಿಣಕ್ಕೆ ಭಾಲ್ಕಿ. ಉಮರ್ಗಾ, ನಿಲಂಗಾ, ಉದಗೀರ, ದೇವಣಿಗಳ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುವ ಕುಟುಂಬಗಳಿವೆ. ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳವೋ ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲಿಲ್ಲದ ಊರಿನ ಕೂಲಿಯ ಕಥೆ ಕಡಲ ಕರೆಯಲ್ಲಿರುವ ನಮಗೆ ಯಾಕೆ ಎಂದು ಓದುಗರು ಕೇಳಬಹುದು. ಬೇಕಲವನ್ನು ಕೇಂದ್ರ ಸರ್ಕಾರ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಆರಿಸಿದ್ದು 1992ರಲ್ಲಿ. ಅದಕ್ಕಾಗಿ ಕೇರಳ ಸರ್ಕಾರ ಬೇಕಲ್ ರಿಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪಿಸಿದ್ದು 1995ರಲ್ಲಿ. ಅಂದಿನಿಂದ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತಲೇ ಇದೆ: ಹೋಟೆಲಿನಲ್ಲಿ, ರಿಸಾರ್ಟಿನಲ್ಲಿ, ದೋಣಿಯಲ್ಲಿ ಕೆಲಸಕ್ಕೆ ಹೋದರೆ ದಿನಕ್ಕೆ ಎಷ್ಟು ಸಿಕ್ಕೀತು? ಪ್ರಶ್ನೆ ಸರಿಯಾದದ್ದೇ. ಆದರೆ ಅದರ ಜೊತೆಗೆ ಇನ್ನೆರಡನ್ನು ಕೇಳದಿದ್ದರೆ ಲೆಕ್ಕ ತಪ್ಪುತ್ತದೆ. ವರ್ಷಕ್ಕೆ ಎಷ್ಟು ದಿನ? ಆ ದುಡ್ಡಿಗೆ ಎಷ್ಟು ಧಾನ್ಯ? ಈ ಎರಡು ಪ್ರಶ್ನೆಗಳ ಬೆಲೆ ನನಗೆ ತಿಳಿದದ್ದು ದೇವಣಿ ಸೀಮೆಯ ಚರಿತ್ರೆಯಿಂದ.

ಎರಡು ಸೀಮೆಗಳ ಹಣೆಬರಹ ಒಂದೇ ದಿನ ಬರೆದದ್ದು. 1948ರ ಪೊಲೀಸ್ ಕಾರ್ಯಾಚರಣೆಯವರೆಗೆ ಉದಗೀರ, ನಿಲಂಗಾ, ಅಹಮದಪುರಗಳು ನಿಜಾಮರ ಆಳ್ವಿಕೆಯ ಬೀದರ್ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂದಿತು. ಈ ಮೂರು ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅದೇ ದಿನ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. 1960ರಲ್ಲಿ ಅವರ ರಾಜ್ಯದ ಹೆಸರು ಮಹಾರಾಷ್ಟ್ರವಾಯಿತು. 1982ರಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರು ಜಿಲ್ಲೆ ಮಾಡಿದರು. ನಮ್ಮ ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಗಡಿ ಎಂದರೆ ನಾವು ಶಾಲೆ, ಭಾಷೆ, ನೌಕರಿಗಳ ಮಾತಾಡುತ್ತೇವೆ. ಕೂಲಿಯ ದರವನ್ನೂ ಗಡಿಯೇ ಗೊತ್ತುಮಾಡುತ್ತದೆ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ.

ನಿಜಾಮರ ಕಾಲದ ಹಳ್ಳಿಯಲ್ಲಿ ದುಡಿಮೆಯ ಫಲ ಬಹುಪಾಲು ಜೋಳದಲ್ಲಿ ಸಿಗುತ್ತಿತ್ತು. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರರಿಗೆ ರಾಶಿಯ ದಿನ ಕಣದಲ್ಲಿ ಪಾಲು. ಕನ್ನಡದಲ್ಲಿ ಅದು ಆಯ, ಮರಾಠಿಯಲ್ಲಿ ಬಲುತೆ. ಕೊಯ್ಲಿಗೆ ಬಂದ ಆಳಿಗೂ ಧಾನ್ಯವೇ. ನಮ್ಮಲ್ಲಿ ನಾಟಿಗೂ ಕೊಯ್ಲಿಗೂ ಭತ್ತವನ್ನೋ ಅಕ್ಕಿಯನ್ನೋ ಅಳೆದು ಕೊಡುತ್ತಿದ್ದ ಹಾಗೆ. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಅದರೊಳಗೆ ಜಾತಿಯ ಕಟ್ಟು ಇತ್ತು, ಬಿಟ್ಟಿ ಚಾಕರಿ ಇತ್ತು, ಅಳೆಯುವವನ ಕೈಚಳಕವಿತ್ತು. ಆದರೂ ಒಂದು ಮಾತು ನಿಜ: ಪೇಟೆಯಲ್ಲಿ ಜೋಳದ ಧಾರಣೆ ಏರಿದರೆ, ಜೋಳವನ್ನೇ ಕೂಲಿಯಾಗಿ ಪಡೆದವನ ಊಟ ಕಡಿಮೆಯಾಗುತ್ತಿರಲಿಲ್ಲ.

ನಗದು ಬಂದ ಮೇಲೆ ಆ ರಕ್ಷಣೆ ಹೋಯಿತು. ಅದರಲ್ಲೂ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ಸಿಕ್ಕಾಕ್ಕೆ ಆರು ಕಲ್ದಾರ್ ಎಂಬುದು ಲೆಕ್ಕ. ಸಂಸ್ಥಾನದ ಗಡಿ ದಾಟಿ ಸೋಲಾಪುರದ ಗಿರಣಿಗೆ ದುಡಿಯಲು ಹೋದವನು ಕಲ್ದಾರ್ ರೂಪಾಯಿ ತಂದರೆ ಊರಲ್ಲಿ ಅದಕ್ಕೆ ಒಂದಿಷ್ಟು ಹೆಚ್ಚು ಬೆಲೆ. ರೂಪಾಯಿ ಎಂಬ ಒಂದೇ ಹೆಸರಿನ ಎರಡು ನಾಣ್ಯಕ್ಕೆ ಎರಡು ಬೆಲೆ ಎಂಬುದನ್ನು ಆ ಸೀಮೆಯ ಜನ ಶಾಲೆಗೆ ಹೋಗದೆಯೇ ಕಲಿತಿದ್ದರು.

ದೊಡ್ಡ ಒಕ್ಕಲುತನದ ಮನೆಗಳಲ್ಲಿ ವರ್ಷದ ಆಳು ಇರುತ್ತಿದ್ದ. ಮರಾಠಿಯಲ್ಲಿ ಅವನು ‘ಸಾಲಗಡಿ’. ‘ಸಾಲ್’ ಎಂದರೆ ವರ್ಷ. ಯುಗಾದಿಗೆ ಮಾತುಕತೆಯಾಗಿ ಮುಂದಿನ ಯುಗಾದಿಗೆ ಮುಗಿಯುವ ಕರಾರು. ಕನ್ನಡದ ಕಿವಿಗೆ ಮಾತ್ರ ಆ ಮಾತು ‘ಸಾಲ’ ಎಂದೇ ಕೇಳಿಸುತ್ತದೆ. ಎಷ್ಟೋ ಸಲ ನಿಜವೂ ಅದೇ: ಮಗಳ ಮದುವೆಗೋ ಕಾಯಿಲೆಗೋ ಮುಂಗಡ ತೆಗೆದುಕೊಂಡವನು ಮರುವರ್ಷವೂ ಅದೇ ಮನೆಯ ನೊಗಕ್ಕೆ. ಅವನಿಗೆ ದಿನಗಳ ಕೊರತೆಯಿರಲಿಲ್ಲ, 365 ದಿನವೂ ಕೆಲಸ. ಆದರೆ ದರ ಗೊತ್ತುಮಾಡುವ ಬಾಯಿ ಅವನದಾಗಿರಲಿಲ್ಲ. ದಿನಗೂಲಿಯವನದು ಇದಕ್ಕೆ ತಿರುಗುಮುರುಗು: ಬಿತ್ತನೆ, ಕಳೆ, ಕೊಯ್ಲುಗಳಲ್ಲಿ ದರ ಕೇಳಬಲ್ಲ, ಉಳಿದ ತಿಂಗಳು ಕೈಕಟ್ಟಿ ಕುಳಿತಿರಬೇಕು.

ಈ ಎರಡರ ನಡುವೆ ಮೂರನೆಯ ದಾರಿ ತೆರೆದದ್ದು ಬರಗಾಲ. 1972ರ ಬರವನ್ನು ಮರಾಠವಾಡದ ಹಿರಿಯರು ಈಗಲೂ ಕಾಲಗಣನೆಗೆ ಬಳಸುತ್ತಾರೆ. ಹೊಲಗಳು ಒಣಗಿದವು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ, ಮಕ್ಕಳಿಗೆ ಹಂಚಿದ ‘ಸುಕಡಿ’ ಎಂಬ ಪುಡಿ, ಇವು ಆ ವರ್ಷದ ಊಟ. ಜನ ಕಲ್ಲು ಒಡೆದರು, ಬದು ಹಾಕಿದರು, ಕೆರೆ ತೋಡಿದರು, ರಸ್ತೆ ಮಾಡಿದರು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರು ಸುಮಾರು 50 ಲಕ್ಷ. ಅಷ್ಟು ದೊಡ್ಡ ಬರ ಬಂದೂ ಹಿಂದಿನ ಕಾಲದ ಕ್ಷಾಮಗಳಂತೆ ಜನ ಗುಂಪುಗುಂಪಾಗಿ ಸಾಯಲಿಲ್ಲವೆಂದರೆ ಅದಕ್ಕೆ ಈ ಕೂಲಿಯೇ ಮುಖ್ಯ ಕಾರಣ.

ಕೆಲಸ ಕೇಳಿದವರಿಗೆ ಸರ್ಕಾರ ಕೆಲಸ ಕೊಡಬೇಕೆಂಬ ಯೋಚನೆಯನ್ನು ಅಲ್ಲಿ ಮುಂದೆ ತಂದವರು ವಿ. ಎಸ್. ಪಾಗೆ. ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ 1965ರಲ್ಲೇ ಅದರ ಪ್ರಯೋಗ ನಡೆದಿತ್ತು. ಬರದ ನಂತರ ಅದು ರಾಜ್ಯದ ಯೋಜನೆಯಾಯಿತು; 1975ರಲ್ಲಿ ವೃತ್ತಿ ತೆರಿಗೆ ಹಾಕಿ ನಗರದ ಸಂಬಳದಾರರಿಂದ ಅದಕ್ಕೆ ಹಣ ಎತ್ತಿದರು; 1977ರಲ್ಲಿ ಶಾಸನವಾಗಿ 1979ರ ಜನವರಿ 26ರಿಂದ ಜಾರಿಗೆ ಬಂದಿತು. ‘ರೋಜಗಾರ ಹಮಿ ಯೋಜನಾ’ ಎಂದು ಅದರ ಹೆಸರು. ಅರ್ಜಿ ಹಾಕಿದ 15 ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ಭತ್ಯೆ. ಅಗೆದ ಮಣ್ಣು ಅಳೆದು ಕೂಲಿ. ಗಂಡಸಿಗೂ ಹೆಂಗಸಿಗೂ ಒಂದೇ ದರ. ಗೌಡರ ಹೊಲದಲ್ಲಿ ಹೆಣ್ಣಾಳಿಗೆ ಕಡಿಮೆ ಕೂಲಿ ಎಂಬುದು ಸಹಜ ನಿಯಮವೆಂದು ನಂಬಿದ್ದ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ. ಇಂದು ನಮ್ಮ ಹೆಂಗಸರು ‘ತೊಳಿಲುರಪ್ಪ್’ ಎಂದು ಕರೆಯುವ ಕೆಲಸದ ಬೇರು ಇರುವುದು ಆ ಒಣ ನೆಲದಲ್ಲಿ. 2005ರಲ್ಲಿ ಇಡೀ ದೇಶಕ್ಕೆ ಶಾಸನ ಮಾಡುವಾಗ ಎದುರಿಗಿದ್ದ ಮಾದರಿ ಮಹಾರಾಷ್ಟ್ರದ್ದೇ.

ಮುಂದಿನ ಪಾಠ ಕಹಿಯಾದದ್ದು. 1988ರಲ್ಲಿ ಆ ಯೋಜನೆಯ ಕೂಲಿ ದರ ಇಮ್ಮಡಿಯಾಯಿತು. ಕೂಲಿಯವರಿಗೆ ಹಬ್ಬವಾಗಬೇಕಿತ್ತು. ಆದರೆ ಆಮೇಲೆ ಸಿಕ್ಕ ಕೆಲಸದ ದಿನಗಳು ಇಳಿದವು. ಮಾರ್ಟಿನ್ ರಾವಾಲಿಯನ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಪರಿಶೀಲಿಸಿ, ಕೇಳಿದವರಿಗೆಲ್ಲ ಕೆಲಸ ಎಂಬ ಖಾತರಿ ಆಗ ಸಡಿಲವಾಯಿತೆಂದು ತೋರಿಸಿದರು. ದರವನ್ನು ಕಾಗದದ ಮೇಲೆ ಏರಿಸುವುದು ಒಂದು, ಏರಿದ ದರದಲ್ಲಿ ಅಷ್ಟೇ ದಿನ ಕೆಲಸ ಕೊಡುವುದು ಇನ್ನೊಂದು.

ಇದೇ ಪಾಠ ನಮ್ಮ ಕಡಲ ಕರೆಯಲ್ಲಿ ಇನ್ನೂ ಮೊದಲೇ ನಡೆದಿತ್ತು. ಬೀಡಿ ಕಾರ್ಮಿಕರ 1966ರ ಶಾಸನವನ್ನು ಕೇರಳ 1968ರಲ್ಲಿ ಜಾರಿಗೆ ತಂದಾಗ ಮಂಗಳೂರಿನ ಬೀಡಿ ಕಂಪೆನಿಗಳು ಗಡಿಯ ಈಚೆಗಿನ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಭಾಗ. ಅಲ್ಲಿನ ಕಾರ್ಮಿಕರು ಸುಮ್ಮನೆ ಕೂರಲಿಲ್ಲ. 1969ರಲ್ಲಿ ಸರ್ಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿ ಕೆಲಸದ ದಿನಗಳನ್ನು ತಾವೇ ಸೃಷ್ಟಿಸಿಕೊಂಡರು. ದೇವಣಿ ಕಡೆಯ ಬಡವರಿಗೆ ಅಂಥ ಸಂಘದ ಬಲವಿರಲಿಲ್ಲ. ಮರಾಠವಾಡದಲ್ಲಿ ಅವರಿಗೆ ಉಳಿದದ್ದು ಊರು ಬಿಡುವ ದಾರಿ: ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸ, ಇಲ್ಲವೇ ಕಬ್ಬಿನ ಗದ್ದೆ. ಕಬ್ಬು ಕಡಿಯಲು ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’, ಎಂದರೆ ಒಂದು ಮಚ್ಚು. ಎರಡು ಜೀವಕ್ಕೆ ಒಂದು ಆಯುಧದ ಹೆಸರು. ಮುಕಾದಮ ಕೊಡುವ ಮುಂಗಡಕ್ಕೆ ‘ಉಚಲ್’ ಎನ್ನುತ್ತಾರೆ. ಹಳೆಯ ಸಾಲಗಡಿಯ ಹಗ್ಗವೇ ಇಲ್ಲಿಯೂ ಬೇರೆ ಹೆಸರಿನಲ್ಲಿ.

ಇತ್ತ ಹೊಲವೂ ಬದಲಾಯಿತು. ಲಾತೂರು ಸೀಮೆಯಲ್ಲಿ ಜೋಳದ ಜಾಗಕ್ಕೆ ಸೋಯಾಬೀನ್ ಬಂದಿತು. ಸೋಯಾಬೀನನ್ನು ರೊಟ್ಟಿ ಬಡಿದು ತಿನ್ನಲಾಗದು. ಕೂಲಿಯಾಗಿ ಅಳೆದು ಕೊಡಲು ಹೊಲದಲ್ಲಿ ಜೋಳವೇ ಇಲ್ಲವೆಂದ ಮೇಲೆ, ಜೋಳ ಬೆಳೆಯುತ್ತಿದ್ದ ನಾಡಿನ ಆಳು ಜೋಳವನ್ನು ಅಂಗಡಿಯಲ್ಲಿ ಕೊಳ್ಳತೊಡಗಿದ. ಎತ್ತಿನ ಕೆಲಸವನ್ನು ಟ್ರಾಕ್ಟರ್ ವಹಿಸಿಕೊಂಡಿತು. ದೇವಣಿ ಎತ್ತಿನ ಹಿಂದೆ ನಡೆಯುತ್ತಿದ್ದವನ ದಿನಗಳೂ ಅದರೊಂದಿಗೆ ಹೋದವು. ಕಡೆಗೆ ನೀರೂ ಖರ್ಚಿನ ಪಟ್ಟಿಗೆ ಸೇರಿತು. 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ನಾವು, ಕೂಲಿಯಿಂದ ನೀರಿನ ಕೊಡದ ಹಣ ಕಳೆದು ಉಳಿದದ್ದನ್ನು ಎಣಿಸುವ ಲೆಕ್ಕವನ್ನು ಬಲ್ಲೆವೇ?

ಈಗ ಗಡಿಯ ಅಂಕಿಗಳನ್ನು ನೋಡೋಣ. 2024-25ನೇ ಸಾಲಿಗೆ ಉದ್ಯೋಗ ಖಾತರಿಯ ದಿನಗೂಲಿ ಮಹಾರಾಷ್ಟ್ರದಲ್ಲಿ 297 ರೂಪಾಯಿ, ಕರ್ನಾಟಕದಲ್ಲಿ 349, ಕೇರಳದಲ್ಲಿ 346 ಎಂದು ಗೊತ್ತಾಗಿತ್ತು. ಒಂದೇ ಕಪ್ಪು ಮಣ್ಣು, ಒಂದೇ ಗುದ್ದಲಿ. ದೇವಣಿಯ ಕಡೆ ಅಗೆದರೆ 297, ಕಮಲನಗರದ ಕಡೆ ಅಗೆದರೆ 349. ಗಡಿಕಲ್ಲಿನ ಬೆಲೆ ದಿನಕ್ಕೆ 52 ರೂಪಾಯಿ! ನಮ್ಮ ತಲಪಾಡಿಯಲ್ಲಿ ಈ ದರದ ಅಂತರ ಮೂರೇ ರೂಪಾಯಿ. ಆದರೆ ಪೇಟೆಯ ಕೂಲಿ ಬೇರೆ ಕಥೆ ಹೇಳುತ್ತದೆ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ 2022-23ರ ಅಂಕಿಗಳಂತೆ ಕೇರಳದಲ್ಲಿ ಗಂಡಾಳಿನ ಕೃಷಿ ಕೂಲಿ ದಿನಕ್ಕೆ ಸುಮಾರು 764 ರೂಪಾಯಿ. ದೇಶದ ಸರಾಸರಿ ಸುಮಾರು 345. ಮಹಾರಾಷ್ಟ್ರದ್ದು ಆ ಸರಾಸರಿಗಿಂತಲೂ ಕೆಳಗೆ. ಹಾಗಿರುವಾಗ ನಮ್ಮಲ್ಲಿ 346 ರೂಪಾಯಿಗೆ ಯಾರು ಹೋಗುತ್ತಿದ್ದರು? ಕೇರಳದ ಖಾತರಿ ಕೆಲಸದಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ದೊಡ್ಡ ಕೂಲಿಯ ರಾಜ್ಯವೆಂಬ ನಮ್ಮ ಹೆಮ್ಮೆಯೊಳಗೆ ಈ ಅರ್ಧ ಕೂಲಿಯೂ ಅಡಗಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಬೇಕಲಕ್ಕೆ ಬರೋಣ. ಪ್ರವಾಸಿಗಳ ಹಂಗಾಮು ನವೆಂಬರಿನಿಂದ ಮಾರ್ಚಿನವರೆಗೆ. ಆಟಿ ಸೋಣ ತಿಂಗಳ ಮಳೆಯಲ್ಲಿ ಕೋಟೆಯ ದಾರಿ ಬರಿದು. ದೋಣಿಯವನಿಗೂ, ತಾತ್ಕಾಲಿಕ ಕೆಲಸದ ಹುಡುಗನಿಗೂ ಅದು ಕೊಯ್ಲಿಲ್ಲದ ಕಾಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ದೇಶದ ಹೋಟೆಲುಗಳೆಲ್ಲ ಬಾಗಿಲು ಹಾಕಿದವು. ದಿನದ ದರ ಎಷ್ಟೇ ಇರಲಿ, ದಿನಗಳು ಸೊನ್ನೆ. ಊಟದ ಅಕ್ಕಿಯೋ ಬಹುಪಾಲು ಹೊರರಾಜ್ಯದ್ದು; ತರಕಾರಿ ಘಟ್ಟದ ಮೇಲಿನದು. ಪ್ರವಾಸಿಗಳು ಬರುವ ಊರಿನಲ್ಲಿ ಮೀನಿನ ಬೆಲೆಯನ್ನೂ ನೆಲದ ಬೆಲೆಯನ್ನೂ ಗೊತ್ತುಮಾಡುವುದು ಸ್ಥಳೀಯನ ಕಿಸೆಯಲ್ಲ. ಆದುದರಿಂದ ದಿನಕ್ಕೆ ಎಂಟುನೂರು ತರುವ ಐದು ತಿಂಗಳ ಕೆಲಸವೂ ದಿನಕ್ಕೆ ಐನೂರು ತರುವ ಹತ್ತು ತಿಂಗಳ ಕೆಲಸವೂ ಎದುರು ಬಂದರೆ, ಮೊದಲನೆಯದೇ ದೊಡ್ಡದೆಂದು ಹೊರಡುವ ಮುನ್ನ ಒಮ್ಮೆ ಗುಣಿಸಿ ನೋಡಬೇಕು. ತಿಂಗಳಿಗೆ 25 ದಿನವೆಂದು ಹಿಡಿದರೆ ಮೊದಲನೆಯದು ಒಂದು ಲಕ್ಷ, ಎರಡನೆಯದು ಒಂದೂಕಾಲು ಲಕ್ಷ.

ದೇವಣಿಯ ಚರಿತ್ರೆಯಿಂದ ಕಲಿಯಬೇಕಾದ ಇನ್ನೊಂದು ಮಾತಿದೆ. ಕೂಲಿಯವನ ದಿನಗಳೆಲ್ಲ ಇರುವುದು ಹಾಜರಿ ಪುಸ್ತಕದಲ್ಲಿ. ಅಲ್ಲಿನ ಪುಸ್ತಕ ಮರಾಠಿಯಲ್ಲಿ, ಅದಕ್ಕೂ ಮೊದಲು ನಿಜಾಮರ ಕಚೇರಿಯಲ್ಲಿ ಉರ್ದು. ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತುವುದು ಒಂದು ಕಷ್ಟ. ಒಂದು ಅಕ್ಷರ ಬಂದೂ ಪುಸ್ತಕದ ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತುವುದು ಎರಡನೆಯ ಕಷ್ಟ. ಕೇರಳದ ಆಡಳಿತ ಭಾಷೆಯ 1969ರ ಶಾಸನ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ನಾವು ಶಾಲೆಗಾಗಿ, ಅರ್ಜಿಗಾಗಿ ಬಳಸಿದ್ದೇವೆ. ದುಡಿದ ದಿನಗಳ ಲೆಕ್ಕಕ್ಕಾಗಿ, ಕೆಲಸದ ಕರಾರಿನ ಒಕ್ಕಣೆಗಾಗಿ, ಭವಿಷ್ಯ ನಿಧಿಯ ವಿಚಾರಣೆಗಾಗಿ ಅದನ್ನು ಬಳಸಿದವರು ಕಡಿಮೆ. ಮಕ್ಕಳು ಮಲಯಾಳ ಲಿಪಿಯನ್ನು ಚೆನ್ನಾಗಿ ಕಲಿಯಲಿ. ಅದರಿಂದ ನಷ್ಟವೇನಿಲ್ಲ, ಲಾಭವೇ ಇದೆ. ಅಷ್ಟರವರೆಗೆ ತಂದೆತಾಯಿಯರು ತಮ್ಮ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲೇ ಗುರುತು ಹಾಕಿಟ್ಟುಕೊಳ್ಳಲಿ. ತಿಂಗಳ ಕೊನೆಗೆ ಪಗಾರದ ಚೀಟಿಯ ಪಕ್ಕ ಅದನ್ನಿಟ್ಟು ನೋಡಲಿ. ಎಷ್ಟು ದಿನ, ಎಷ್ಟು ಅಕ್ಕಿ ಎಂದು ಕೇಳುವ ಮನೆಗೆ ದರ ಹೇಳುವವರು ಸ್ವಲ್ಪ ಎಚ್ಚರದಿಂದ ಹೇಳುತ್ತಾರೆ.